ಚೆಂಡು ಎಷ್ಟು ಹೊತ್ತು ಮೇಲಿರುತ್ತೆ?

ಸಿಕ್ಸರ್ ಹೊಡೆದಾಗ ಚೆಂಡು ಎಷ್ಟು ಮೀಟರ್ ಹೋಯಿತು ಅಂತ ಟಿವಿಯಲ್ಲಿ ತೋರಿಸುತ್ತಾರೆ. ಎಷ್ಟು ಸೆಕೆಂಡ್ ಮೇಲಿತ್ತು ಅನ್ನೋದು ಸಾಮಾನ್ಯವಾಗಿ ಲೆಕ್ಕಕ್ಕೇ ಬರೋದಿಲ್ಲ. ಆದರೆ ಕ್ಯಾಚಿಗೆ ಓಡುವವನ ಹಣೆಬರಹ ನಿಂತಿರುವುದು ಆ ಸೆಕೆಂಡುಗಳ ಮೇಲೆ.

ಗಾಳಿಯ ತಡೆಯನ್ನು ಸದ್ಯಕ್ಕೆ ಬದಿಗಿಡೋಣ. ಚೆಂಡು ಬ್ಯಾಟಿನಿಂದ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 108 ಕಿಲೋಮೀಟರ್ ವೇಗದಲ್ಲಿ ಹೊರಟಿತು ಅಂದುಕೊಳ್ಳಿ. 30 ಡಿಗ್ರಿ ಕೋನದಲ್ಲಿ ಎದ್ದರೆ ಸುಮಾರು 80 ಮೀಟರ್ ದೂರದಲ್ಲಿ ಬೀಳುತ್ತದೆ. 60 ಡಿಗ್ರಿಯಲ್ಲಿ ಎದ್ದರೂ ಅದೇ 80 ಮೀಟರ್! 45ಕ್ಕಿಂತ ಎಷ್ಟು ಕೆಳಗೋ ಅಷ್ಟೇ ಮೇಲೆ ಹೋದರೆ ದೂರ ಒಂದೇ. ಗೆಲಿಲಿಯೋ 1638ರಲ್ಲೇ ಇದನ್ನು ಹೇಳಿದ್ದ. ಆದರೆ ಮೊದಲ ಚೆಂಡು 3.1 ಸೆಕೆಂಡಿಗೇ ನೆಲ ಮುಟ್ಟುತ್ತದೆ, ಎರಡನೆಯದು 5.3 ಸೆಕೆಂಡ್ ಮೇಲೇ ಇರುತ್ತದೆ. ಆ ಎರಡು ಚಿಲ್ಲರೆ ಸೆಕೆಂಡಿನಲ್ಲಿ ಚುರುಕಾದ ಫೀಲ್ಡರ್ ಹದಿನೈದು ಮೀಟರ್ ಓಡಿಬಿಡಬಹುದು.

ಯಾಕೆ ಹೀಗೆ? ಚೆಂಡಿನ ವೇಗದಲ್ಲಿ ಒಂದು ಪಾಲು ಮುಂದಕ್ಕೆ, ಇನ್ನೊಂದು ಪಾಲು ಮೇಲಕ್ಕೆ. ಭೂಮಿ ಎಳೆದು ಕಡಿಮೆ ಮಾಡುವುದು ಮೇಲಿನ ಪಾಲನ್ನು ಮಾತ್ರ, ಪ್ರತಿ ಸೆಕೆಂಡಿಗೆ 9.8 ಮೀಟರಿನಂತೆ. 30 ಡಿಗ್ರಿಯಲ್ಲಿ ಮೇಲಿನ ಪಾಲು 15 ಇದ್ದರೆ, 60ರಲ್ಲಿ 26. ಅದು ಖಾಲಿಯಾಗಲು ಎಷ್ಟು ಹೊತ್ತು ಬೇಕೋ, ಕೆಳಗೆ ಬರಲೂ ಅಷ್ಟೇ ಹೊತ್ತು. ಮುಂದಿನ ಪಾಲಿಗೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ.

1983ರ ಜೂನ್ 25ರಂದು ಲಾರ್ಡ್ಸ್‌ನಲ್ಲಿ ವಿವ್ ರಿಚರ್ಡ್ಸ್ ಮದನ್ ಲಾಲ್ ಎಸೆತವನ್ನು ಪುಲ್ ಮಾಡಲು ಹೋದರು. ಬ್ಯಾಟಿಗೆ ಸರಿಯಾಗಿ ಸಿಗದೆ ಚೆಂಡು ಮೇಲಕ್ಕೇರಿತು. ಕಪಿಲ್ ದೇವ್ ಬೌಂಡರಿ ಕಡೆಗೆ ಓಡುತ್ತಲೇ ಭುಜದ ಮೇಲಿಂದ ನೋಡಿ ಹಿಡಿದರು. ಕಪಿಲ್ ಓಟವನ್ನು ಎಷ್ಟು ಹೊಗಳಿದರೂ ಸಾಲದು ನಿಜ. ಆದರೆ ಅದೇ ಜಾಗಕ್ಕೆ ಚೆಂಡು ತಗ್ಗಿನಲ್ಲಿ ಹೋಗಿದ್ದರೆ ಅಷ್ಟು ಓಡಲು ಹೊತ್ತೇ ಸಿಗುತ್ತಿರಲಿಲ್ಲ, ಅಲ್ವಾ?

ಹಾಗಂತ ಕೋನ ಏರಿಸುತ್ತಾ ಹೋದಷ್ಟೂ ಅದೇ ಲಾಭ ಸಿಗುವುದಿಲ್ಲ. 30ರಿಂದ 60ಕ್ಕೆ ಏರಿದಾಗ 2.2 ಸೆಕೆಂಡ್ ಜಾಸ್ತಿಯಾಯಿತು. 60ರಿಂದ ನೇರ 90ಕ್ಕೆ ಹೋದರೂ ಸಿಗುವುದು ಇನ್ನು 0.8 ಸೆಕೆಂಡ್ ಅಷ್ಟೇ. ದೂರ ಮಾತ್ರ ಸರ್ರನೆ ಇಳಿಯುತ್ತದೆ: 80 ಡಿಗ್ರಿಯಲ್ಲಿ ಎದ್ದ ಚೆಂಡು 31 ಮೀಟರಿಗೇ ಬಂದು ಬೀಳುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ 45 ಡಿಗ್ರಿ ದೂರಕ್ಕೆ ರಾಜ, ಹೊತ್ತಿಗಲ್ಲ. ಅಲ್ಲಿ ಚೆಂಡು 92 ಮೀಟರ್ ಹೋಗುತ್ತದೆ, ಆದರೆ ಮೇಲಿರುವುದು 4.3 ಸೆಕೆಂಡ್.

ಬದಿಗಿಟ್ಟ ಗಾಳಿಯನ್ನು ಈಗ ಸೇರಿಸಿದರೆ ಈ ಅಂಕಿಗಳೆಲ್ಲ ಕುಗ್ಗುತ್ತವೆ. ಅತಿ ಹೆಚ್ಚು ದೂರ ಹೋಗುವ ಕೋನವೂ 45ಕ್ಕಿಂತ ಕೆಳಗೆ ಜಾರುತ್ತದೆ. ಏರುವಾಗ ಭೂಮಿಯ ಎಳೆತದ ಜೊತೆ ಗಾಳಿಯೂ ತಡೆಯುತ್ತದೆ. ಇಳಿಯುವಾಗ ಅದೇ ಗಾಳಿ ಬೀಳುವುದನ್ನು ನಿಧಾನಿಸುತ್ತದೆ. ಹಾಗಾಗಿ ನಿಜವಾದ ಮೈದಾನದಲ್ಲಿ ಚೆಂಡು ಏರಲು ತೆಗೆದುಕೊಂಡದ್ದಕ್ಕಿಂತ ಇಳಿಯಲು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ. ಎದ್ದದ್ದಕ್ಕಿಂತ ಕಡಿದಾಗಿಯೂ ಬೀಳುತ್ತದೆ.