ಫೈಲು ಮನೆಯವರ ಕೈಲಿ, ಡಾಕ್ಟರು ನಾಲ್ಕು ಕಡೆ

ಮಂಡ್ಯ ಕಡೆ ಯಾರಿಗಾದರೂ ಬಾಯಿ ಕ್ಯಾನ್ಸರ್ ಅಂತ ಗೊತ್ತಾದರೆ ಮನೆಯವರ ಮೊದಲ ಪ್ರಶ್ನೆ, "ಯಾವ ಡಾಕ್ಟರ ಹತ್ತಿರ ಹೋಗೋಣ?" ಒಂದೇ ಹೆಸರು ಹೇಳಿದರೆ ಸಾಲುವುದಿಲ್ಲ. ಆಪರೇಷನ್‌ಗೆ ಒಬ್ಬರು, ಕರೆಂಟ್ (ರೇಡಿಯೇಷನ್) ಕೊಡಲು ಒಬ್ಬರು, ಕೀಮೋಗೆ ಮತ್ತೊಬ್ಬರು. ಇವರೆಲ್ಲ ಒಟ್ಟಿಗೆ ಕೂತು ಮಾತಾಡಬೇಕು ಅನ್ನುವುದು ಸರಳ ವಿಷಯ ಅಲ್ವಾ? ಅಲ್ಲಿಗೆ ಬರಲು ನೂರು ವರ್ಷ ಹಿಡಿಯಿತು.

ಮೊದಲು ಸರ್ಜನ್ ಮಾತೇ ಕೊನೆ ಮಾತು. 1898ರಲ್ಲಿ, ಮುಂದೆ ಕರೆಂಟ್ ಚಿಕಿತ್ಸೆಗೆ ಬಳಸಿದ ರೇಡಿಯಂ ಸಿಕ್ಕಿತು, 1940ರ ದಶಕದಲ್ಲಿ ಕೀಮೋ ಔಷಧಿ ಬಂತು. ಚಿಕಿತ್ಸೆ ಮೂರಾಯಿತು, ವಿಭಾಗಗಳೂ ಬೇರೆಯಾದವು. 1995ರಲ್ಲಿ ಬ್ರಿಟನ್ನಿನ ಕಾಲ್ಮನ್-ಹೈನ್ ವರದಿ, ಕ್ಯಾನ್ಸರ್ ಚಿಕಿತ್ಸೆ ತಂಡದ ಕೆಲಸವಾಗಬೇಕು ಎಂದಿತು. ನಮ್ಮಲ್ಲಿ ಆಸ್ಪತ್ರೆಗಳನ್ನು ಜೋಡಿಸುವ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ಶುರುವಾಗಿದ್ದು 2012ರಲ್ಲಿ.

ಈ ನಡುವಿನ ಕಾಲ ನಮ್ಮ ಜನಕ್ಕೆ ಚೆನ್ನಾಗಿ ನೆನಪಿದೆ. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಶುರುವಾದ ಮೇಲೆ ಈ ಕಡೆಯವರಿಗೆ ಅದೇ ದೊಡ್ಡ ಆಸರೆ. ಬೆಳಗಿನ ರೈಲು ಹತ್ತುವವರ ಕೈಲಿ ಬಟ್ಟೆ ಅಂಗಡಿಯ ಚೀಲ. ಅದರಲ್ಲಿ ಸ್ಕ್ಯಾನ್ ಫಿಲ್ಮು, ಡಿಸ್ಚಾರ್ಜ್ ಚೀಟಿ, ಸಣ್ಣ ಕವರಿನಲ್ಲಿ ಬಯಾಪ್ಸಿ ಪರೀಕ್ಷೆಗೆ ತೆಗೆದ ಮಾಂಸದ ತುಣುಕು ಇಟ್ಟ ಮೇಣದ ಬ್ಲಾಕ್. ಬ್ಲಾಕ್ ಕಳೆದರೆ ಮತ್ತೆ ಮಾಂಸ ತೆಗೆಯಬೇಕಾದೀತು. ಹತ್ತನೇ ಕ್ಲಾಸು ಓದಿದ ಮಗ ಒಬ್ಬ ಡಾಕ್ಟರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುತ್ತಿದ್ದ: "ಅವರು ಹಿಂಗಂದ್ರು ಸಾರ್." ತಂಡದ ಕೊಂಡಿ ಅಂದರೆ ಅವನೇ.

ಈಗ ಮೈಸೂರಿನಲ್ಲೇ ಮೂರೂ ಚಿಕಿತ್ಸೆ ಸಿಗುತ್ತದೆ. ದಾರಿ ಕಡಿಮೆಯಾಯಿತು. ಆದರೆ ಒಂದೇ ಊರಿನಲ್ಲಿದ್ದ ಮಾತ್ರಕ್ಕೆ ತಂಡ ಆಗಿಬಿಡುವುದಿಲ್ಲ.

ನಮ್ಮ ದೊಡ್ಡಪ್ಪನ ವಿಷಯವನ್ನೇ ಹೇಳುತ್ತೇನೆ. ಎಲೆ ಅಡಿಕೆ, ಹೊಗೆಸೊಪ್ಪಿನ ಅಭ್ಯಾಸ. ಕೆನ್ನೆ ಒಳಗಿನ ಗೆಡ್ಡೆಗೆ ಆಪರೇಷನ್ ಚೆನ್ನಾಗೇ ಆಯಿತು. ಕರೆಂಟ್ ಶುರು ಮಾಡಲು ಹೋದಾಗ, "ಹುಳುಕು ಹಲ್ಲು ಕೀಳಿಸಿಕೊಂಡು ಬನ್ನಿ" ಅಂದರು. ಅದು ಸರಿಯಾದ ಮಾತೇ. ಕರೆಂಟ್ ತಗೊಂಡ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯುವುದು ಕಷ್ಟ, ಮೂಳೆಯೇ ಕೊಳೆಯಬಹುದು. ಆದರೆ ಕಿತ್ತ ಜಾಗ ಮಾಯಲು ಎರಡು ವಾರ ಬೇಕು. ಆಪರೇಷನ್ ಆಗಿ ಆರು ವಾರದೊಳಗೆ ಕರೆಂಟ್ ಶುರುವಾಗಬೇಕು ಅನ್ನುವುದು ನಿಯಮ. ಮೊದಲೇ ಹಲ್ಲಿನ ಡಾಕ್ಟರನ್ನೂ ಕರೆದು ಮಾತಾಡಿದ್ದರೆ ಆಪರೇಷನ್ ದಿನವೇ ಆ ಹಲ್ಲುಗಳನ್ನೂ ತೆಗೆಯಬಹುದಿತ್ತು. ಯಾರೂ ತಪ್ಪು ಮಾಡಲಿಲ್ಲ. ಯಾರೂ ಒಟ್ಟಿಗೆ ಕೂರಲೂ ಇಲ್ಲ, ಅಷ್ಟೇ.

ಟ್ಯೂಮರ್ ಬೋರ್ಡ್ ಅನ್ನುವ ಸಭೆ ಇರುವುದು ಇದಕ್ಕೇ. ಸರ್ಜನ್, ಕರೆಂಟ್ ಡಾಕ್ಟರು, ಕೀಮೋ ಡಾಕ್ಟರು, ಬಯಾಪ್ಸಿ ನೋಡುವವರು, ಸ್ಕ್ಯಾನ್ ಓದುವವರು ಒಂದೇ ಟೇಬಲ್ಲಿಗೆ ಬರುತ್ತಾರೆ. ಬಾಯಿ ಕ್ಯಾನ್ಸರ್ ಆದರೆ ಹಲ್ಲಿನವರು, ನುಂಗುವುದನ್ನು ಕಲಿಸುವ ಥೆರಪಿಸ್ಟ್, ಊಟ ಹೇಳಿಕೊಡುವ ಡಯಟೀಷಿಯನ್ ಕೂಡ ಬೇಕು. ಈ ಸಭೆ ಮೊದಲ ಆಪರೇಷನ್‌ಗಿಂತ ಮುಂಚೆ ನಡೆಯಬೇಕು. ಆಮೇಲೆ ಕೂತರೆ ಅರ್ಧ ಲಾಭ ಹೋದ ಹಾಗೆ.

ಇನ್ನೊಂದು ಕುರ್ಚಿ ಜಾಸ್ತಿ ಖಾಲಿ ಇರುತ್ತದೆ, ನರ್ಸಿನದು. ಆರೇಳು ವಾರದ ಕರೆಂಟ್‌ನಲ್ಲಿ ಬಾಯೆಲ್ಲ ಹುಣ್ಣಾಗಿ, ಗಂಜಿಯೂ ಇಳಿಯದೆ, ರೋಗಿ ಸುಮ್ನೆ ಊರಿಗೆ ಹೋಗಿಬಿಡುತ್ತಾರೆ. "ನಿನ್ನೆ ಯಾಕೆ ಬರಲಿಲ್ಲ?" ಅಂತ ಫೋನ್ ಮಾಡುವವರು ಆಗ ಬೇಕು. ಬೋರ್ಡಿನ ತೀರ್ಮಾನ ಬರೆದ ಹಾಳೆಯ ಒಂದು ಪ್ರತಿಯನ್ನು ಕೇಳಿ ಪಡೆಯಿರಿ. ಅದರ ಮೇಲೆ ಆ ನರ್ಸಿನ ನಂಬರನ್ನೂ ಬರೆಸಿಕೊಳ್ಳಿ.