ಕಾರ್ಯಕ್ರಮಕ್ಕೆ ಮಾತ್ರವಲ್ಲ, ಕಲಿಸುವ ಮನೆಗೂ ದೇಣಿಗೆ ಬೇಕು

ಕರಾವಳಿಯಲ್ಲಿ ಮೇ ಕೊನೆಯ ಹೊತ್ತಿಗೆ ಬರುವ ತುಳುವರ ಪತ್ತನಾಜೆ ದಿನ ಕಳೆದರೆ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ; ಗೆಜ್ಜೆ ಬಿಚ್ಚಿಟ್ಟ ಕಲಾವಿದರು ಮತ್ತೆ ಮೇಳದೊಂದಿಗೆ ಹೊರಡುವುದು ದೀಪಾವಳಿಯ ಆಸುಪಾಸಿನಲ್ಲಿ. ಲೆಕ್ಕಪರಿಶೋಧಕನಾದ ನನ್ನ ಕಚೇರಿಗೆ ಊರಿನ ಕಲಾ ಸಂಸ್ಥೆಗಳ ಖಜಾಂಚಿಗಳು ವೋಚರುಗಳ ಕಟ್ಟು ಹಿಡಿದು ಬರುವುದೂ ಇದೇ ಮಳೆಗಾಲದಲ್ಲಿ. ಯಕ್ಷಗಾನ ತರಬೇತಿ ಕೇಂದ್ರ, ಸಂಗೀತ ಸಭೆ, ಮಕ್ಕಳಿಗೆ ಚಿತ್ರಕಲೆ ಕಲಿಸುವ ಟ್ರಸ್ಟ್, ಹವ್ಯಾಸಿ ನಾಟಕ ತಂಡ ಮೊದಲಾದವುಗಳ ಜಮಾ-ಖರ್ಚನ್ನು ಹಲವು ವರ್ಷ ನೋಡಿದ ಮೇಲೆ ನನಗೆ ಮನವರಿಕೆಯಾದದ್ದು ಇಷ್ಟು: ಜನರು ಕಾರ್ಯಕ್ರಮಕ್ಕೆ ಧಾರಾಳವಾಗಿ ಕೊಡುತ್ತಾರೆ, ಸಂಸ್ಥೆಗೆ ಕೊಡುವುದು ಬಹಳ ಕಡಿಮೆ.

ವಾರ್ಷಿಕೋತ್ಸವದ ಶಾಮಿಯಾನಕ್ಕೆ, ಧ್ವನಿವರ್ಧಕಕ್ಕೆ, ಹೊರಗಿನಿಂದ ಬರುವ ಹೆಸರಾಂತ ಕಲಾವಿದರ ಸಂಭಾವನೆಗೆ ಪ್ರಾಯೋಜಕರು ಸಿಗುತ್ತಾರೆ. ವಾರಕ್ಕೆರಡು ದಿನ ಹೆಜ್ಜೆ ಕಲಿಸುವ ಗುರುಗಳ ಗೌರವಧನ, ತರಗತಿ ನಡೆಯುವ ಕೋಣೆಯ ಬಾಡಿಗೆ, ಮದ್ದಲೆಗೆ ಹೊಸ ಮುಚ್ಚಿಗೆ, ಹಾರ್ಮೋನಿಯಂ ರಿಪೇರಿ, ಕರೆಂಟ್ ಬಿಲ್ಲು ಇವುಗಳನ್ನು ವಹಿಸಿಕೊಳ್ಳುವವರು ಅಪರೂಪ. ಮೂರು ದಿನಗಳ ಉತ್ಸವವನ್ನು ಅದ್ದೂರಿಯಾಗಿ ಮುಗಿಸಿದ ಒಂದು ಸಂಸ್ಥೆಯ ಲೆಕ್ಕದಲ್ಲಿ, ಅದೇ ವರ್ಷ ಗುರುಗಳಿಗೆ ನಾಲ್ಕು ತಿಂಗಳ ಗೌರವಧನ ಬಾಕಿ ಉಳಿದಿದ್ದುದನ್ನು ಕಂಡು ನಾನು ಬಹಳ ನೊಂದುಕೊಂಡಿದ್ದೇನೆ. ಉತ್ಸವಕ್ಕೆಂದು ಬಂದ ಹಣವನ್ನು ಬೇರೆಡೆಗೆ ತಿರುಗಿಸುವಂತಿರಲಿಲ್ಲ; ಖಜಾಂಚಿಗಳು ನಿಯಮಕ್ಕೆ ತಕ್ಕಂತೆಯೇ ನಡೆದುಕೊಂಡಿದ್ದರು.

ನಮ್ಮ ನಾಡಿನಲ್ಲಿ ಕಲೆ ಉಳಿದದ್ದು ಕಲಿಸುವ ಮನೆಗಳಿಂದ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ನಂತರ ಪುಟ್ಟರಾಜ ಗವಾಯಿಗಳೂ ಅಂಧ ಮತ್ತು ಬಡ ಮಕ್ಕಳಿಗೆ ಅನ್ನ, ವಸತಿ ಕೊಟ್ಟು ಸಂಗೀತ ಕಲಿಸಿದರು. ಆ ಖರ್ಚನ್ನು ತೂಗಿಸಲು ನಾಟಕ ಕಂಪನಿಯನ್ನೇ ಕಟ್ಟಿ ನಡೆಸಿದರು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಸ್ಥಾಪಿಸಿದ ಇಡಗುಂಜಿ ಮೇಳವು 1986ರಲ್ಲಿ ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಶ್ರೀಮಯ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಆಟ ಆಡುವ ಮೇಳಕ್ಕೆ ಕಲಿಸುವ ಶಾಲೆಯೂ ಬೇಕೆಂಬುದನ್ನು ಆ ಕುಟುಂಬ ಕಂಡುಕೊಂಡಿತ್ತು. ಕಟೀಲು ದೇವಸ್ಥಾನದ ಯಕ್ಷಗಾನ ಮೇಳದ ಹರಕೆಯಾಟಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವ ಭಕ್ತರಿದ್ದಾರೆ. ಅವರ ಶ್ರದ್ಧೆ ದೊಡ್ಡದು; ಆದರೆ ಹರಕೆಯ ಹಣ ಆ ರಾತ್ರಿಯ ಆಟಕ್ಕೆ ಸಲ್ಲುತ್ತದೆಯೇ ಹೊರತು ಆಟಕ್ಕೆ ಹಾಡುವ ಮುಂದಿನ ತಲೆಮಾರಿನ ಭಾಗವತನೊಬ್ಬನನ್ನು ರೂಪಿಸುವ ಏಳೆಂಟು ವರ್ಷಗಳ ಪಾಠಕ್ಕಲ್ಲ.

ತೆರಿಗೆಯ ಬಗ್ಗೆ ನನ್ನನ್ನು ಹೆಚ್ಚು ಕೇಳುತ್ತಾರಾದ್ದರಿಂದ ಅದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಎಲ್ಲರೂ 80ಜಿ ಎಂದು ಕರೆಯುವ ಅನುಮೋದನೆ ಇರುವ ಇಂಥ ಟ್ರಸ್ಟಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿರುವವರು 10,000 ರೂಪಾಯಿ ಕೊಟ್ಟರೆ ಸಾಮಾನ್ಯವಾಗಿ ಅದರ ಅರ್ಧ, ಎಂದರೆ 5,000 ರೂಪಾಯಿ, ನಿಗದಿತ ಮಿತಿಗೆ ಒಳಪಟ್ಟು ಅವರ ಆದಾಯದಿಂದ ಕಡಿತವಾಗುತ್ತದೆ. ಶೇ 30ರ ತೆರಿಗೆ ಹಂತದಲ್ಲಿರುವವರಿಗೆ ಉಳಿತಾಯವಾಗುವ ತೆರಿಗೆ ಸುಮಾರು 1,500 ರೂಪಾಯಿ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಕಡಿತವಿಲ್ಲ, ಹೊಸ ಪದ್ಧತಿಯನ್ನು ಆಯ್ದುಕೊಂಡವರಿಗೂ ಇಲ್ಲ. ತೆರಿಗೆ ಉಳಿತಾಯವೊಂದೇ ಕಾರಣವಾಗಿ ಕೊಡುವವರು ಹೊಸ ಪದ್ಧತಿಗೆ ಹೋದೊಡನೆ ದೇಣಿಗೆ ನಿಲ್ಲಿಸುತ್ತಾರೆ, ಆ ಪೆಟ್ಟು ಬೀಳುವುದು ಸಣ್ಣ ಸಂಸ್ಥೆಗಳ ಮೇಲೆ.

ಎಷ್ಟು ಕೊಡುತ್ತೇವೆ ಎಂಬುದರಷ್ಟೇ ಯಾವಾಗ ಕೊಡುತ್ತೇವೆ ಎಂಬುದೂ ಮುಖ್ಯ. ಹೆಚ್ಚಿನ ದೇಣಿಗೆ ಮಾರ್ಚ್ ಕೊನೆಯ ವಾರದಲ್ಲಿ ಬರುತ್ತದೆ. ನೋಂದಾಯಿತ ಟ್ರಸ್ಟ್ ತನ್ನ ಆದಾಯದ ಶೇ 85ರಷ್ಟನ್ನು ಸಾಮಾನ್ಯವಾಗಿ ಅದೇ ವರ್ಷ ಉದ್ದೇಶಕ್ಕೆ ಬಳಸಬೇಕು. ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಲು ದಾರಿ ಇದೆಯಾದರೂ ಅದಕ್ಕೆ ಗಡುವಿನೊಳಗೆ ಪ್ರತ್ಯೇಕ ನಮೂನೆಯನ್ನು ಸಲ್ಲಿಸಬೇಕು, ಶಾಲಾ ಮಾಸ್ತರರೋ ನಿವೃತ್ತರೋ ಆಗಿರುವ ಖಜಾಂಚಿಗಳಿಗೆ ಇದು ದೊಡ್ಡ ಹೊರೆ. ಮಕ್ಕಳ ತರಗತಿ ಆರಂಭವಾಗುವುದು ಜೂನ್‌ನಲ್ಲಿ, ಕೈ ಬರಿದಾಗಿರುವುದೂ ಆಗಲೇ. ವರ್ಷಕ್ಕೊಮ್ಮೆ 6,000 ರೂಪಾಯಿ ಕೊಡುವವರು ಅದನ್ನೇ ತಿಂಗಳಿಗೆ 500ರಂತೆ ಬ್ಯಾಂಕಿನಿಂದ ತಾನಾಗಿ ಸಂದಾಯವಾಗುವ ಹಾಗೆ ಮಾಡಿದರೆ, ಅಂಥ ನೂರು ಜನರಿಂದ ವರ್ಷಕ್ಕೆ 6 ಲಕ್ಷ ರೂಪಾಯಿ ಒಟ್ಟಾಗುತ್ತದೆ. ಅದಕ್ಕಿಂತ ಮಿಗಿಲಾಗಿ, ಗುರುಗಳಿಗೆ ತಿಂಗಳ ತಿಂಗಳ ಮಾತು ಕೊಡುವ ಧೈರ್ಯ ಸಂಸ್ಥೆಗೆ ಬರುತ್ತದೆ. ಮೂಲನಿಧಿಗೆಂದು ಪತ್ರ ಬರೆದು ಕೊಡುವವರೂ ಒಮ್ಮೆ ಯೋಚಿಸಬೇಕು: ಆ ಅಸಲನ್ನು ದಿನದ ಖರ್ಚಿಗೆ ಮುಟ್ಟುವಂತಿಲ್ಲ, ಬಡ್ಡಿಯಷ್ಟೇ ಕೈಗೆ ಬರುತ್ತದೆ. ಕಷ್ಟದಲ್ಲಿರುವ ಸಂಸ್ಥೆಗೆ ಮೊದಲು ಬೇಕಾದದ್ದು ಷರತ್ತಿಲ್ಲದ ಹಣ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್ಆರ್) ಹಣದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ. 2013ರ ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ಕಲೆ ಮತ್ತು ಸಂಸ್ಕೃತಿಯ ಸಂರಕ್ಷಣೆ, ಸಾಂಪ್ರದಾಯಿಕ ಕಲೆಗಳ ಅಭಿವೃದ್ಧಿ ಸ್ಪಷ್ಟವಾಗಿ ಸೇರಿವೆ. ಆದರೂ ಗುರುಗಳ ಗೌರವಧನ, ಬಾಡಿಗೆ ಎಂದೊಡನೆ ‘ಆಡಳಿತ ವೆಚ್ಚ ಶೇ 5 ಮೀರುವಂತಿಲ್ಲ’ ಎಂದು ಕಂಪನಿಯ ಅಧಿಕಾರಿಗಳು ಪ್ರಸ್ತಾವವನ್ನು ಮರಳಿಸುವುದುಂಟು. ಆ ಶೇ 5ರ ಮಿತಿ ಇರುವುದು ಈ ಹೊಣೆಗಾರಿಕೆಯನ್ನು ನಿರ್ವಹಿಸಲು ಕಂಪನಿ ತನ್ನೊಳಗೆ ಮಾಡುವ ಸಾಮಾನ್ಯ ಆಡಳಿತದ ಖರ್ಚಿಗೆ. ಪಾಠ ಮಾಡುವ ಗುರುವಿನ ಗೌರವಧನ ಯೋಜನೆಯ ನೇರ ವೆಚ್ಚ. ನೃತ್ಯಶಾಲೆಯಲ್ಲಿ ಗುರುವನ್ನು ಬಿಟ್ಟು ಬೇರೆ ಯೋಜನೆ ಎಲ್ಲಿದೆ? ಆರಂಭದ ವರ್ಷವನ್ನು ಬಿಟ್ಟು ಮೂರು ವರ್ಷಗಳವರೆಗಿನ ಯೋಜನೆಯನ್ನು ಒಪ್ಪಿಕೊಳ್ಳಲೂ ನಿಯಮ ಅವಕಾಶ ಕೊಡುತ್ತದೆ. ಒಂದು ದಿನದ ಉತ್ಸವಕ್ಕಿಂತ ಒಂದು ತಂಡದ ಮಕ್ಕಳ ಮೂರು ವರ್ಷಗಳ ಕಲಿಕೆಯನ್ನು ವಹಿಸಿಕೊಳ್ಳಿ ಎಂದು ನಾನು ಕಂಪನಿಗಳನ್ನು ಒತ್ತಾಯಿಸುತ್ತೇನೆ. ಸಂಸ್ಥೆಗಳು ತಮ್ಮ ಕಡೆಯಿಂದ, ಕಂಪನಿಗಳ ಈ ಹಣ ಪಡೆಯಲು ಬೇಕಾದ ಸಿಎಸ್ಆರ್-1 ಎಂಬ ನೋಂದಣಿಯನ್ನು ಮಾಡಿಸಿಕೊಂಡಿರಬೇಕು. 2021ರ ಏಪ್ರಿಲ್‌ನಿಂದ ಅದು ಕಡ್ಡಾಯ.

ಹೊರದೇಶದ ಕನ್ನಡಿಗರು ಊರಿನ ಮೇಳಕ್ಕೆ, ಸಂಗೀತ ಶಾಲೆಗೆ ಕಳುಹಿಸುವ ಹಣದ ಬಗ್ಗೆ ಎಚ್ಚರಿಕೆ ಬೇಕು. ಭಾರತೀಯ ಪೌರತ್ವ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರದ್ದಾದರೆ, ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ ಎಂಬ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಸ್ಥೆ ಅದನ್ನು ಪಡೆದರೆ ಅಪರಾಧವಾಗುತ್ತದೆ. ಅಭಿಮಾನದಿಂದ ಕಳುಹಿಸಿದ ಹಣ ಊರಿನ ಖಜಾಂಚಿಯನ್ನು ಸಂಕಷ್ಟಕ್ಕೆ ಸಿಲುಕಿಸಬಾರದು, ಆದ್ದರಿಂದ ಕಳುಹಿಸುವ ಮೊದಲೇ ಕೇಳಿಕೊಳ್ಳಿ.

ಗೌರವಧನ ಬಾಕಿ ಉಳಿಸಿಕೊಂಡಿದ್ದ ಆ ಸಂಸ್ಥೆಯ ಹಳೆಯ ವಿದ್ಯಾರ್ಥಿಗಳು ಮರುವರ್ಷದಿಂದ ತಿಂಗಳ ಒಂದನೇ ತಾರೀಕಿಗೆ ತಮ್ಮ ಕೈಲಾದಷ್ಟು ಹಣ ಕಟ್ಟತೊಡಗಿದರು, ಯಾವ ಬಾಬಿಗೆಂದು ಹೇಳಲಿಲ್ಲ. ಕಳೆದ ಸಲ ಲೆಕ್ಕ ನೋಡುವಾಗ ಗೌರವಧನದ ಖಾತೆಯಲ್ಲಿ ಹನ್ನೆರಡು ಪಾವತಿಗಳಿದ್ದವು, ಆಷಾಢದ್ದೂ ಸೇರಿ.