ಒಂದು ಚುಕ್ಕಿಗೆ ಎರಡೂವರೆ ಸೆಂಟ್ಸ್ ಕಡಲು

ಕಾಸರಗೋಡಿನಲ್ಲಿ ಜಾಗದ ಮಾತು ಬಂದರೆ ಸೆಂಟ್ಸ್ ಲೆಕ್ಕ, ನೂರು ಸೆಂಟ್ಸ್ ಸೇರಿದರೆ ಒಂದು ಎಕರೆ. ಕಡಲಕಳೆಯ ನಕ್ಷೆ ಮಾಡಲು ಬಳಸುವ ಉಪಗ್ರಹದ ಕಣ್ಣನ್ನೂ ಅದರಲ್ಲೇ ಅಳೆಯೋಣ. ಯುರೋಪಿನ ಸೆಂಟಿನೆಲ್-2 ತೆಗೆಯುವ ಚಿತ್ರದಲ್ಲಿ ಒಂದು ಚುಕ್ಕಿ ಅಂದರೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಸುಮಾರು ಎರಡೂವರೆ ಸೆಂಟ್ಸ್. ಅಮೆರಿಕದ ಲ್ಯಾಂಡ್‌ಸ್ಯಾಟ್‌ನ ಚುಕ್ಕಿ 22 ಸೆಂಟ್ಸ್. ನಮ್ಮ ಓಷನ್‌ಸ್ಯಾಟ್-3ರಲ್ಲಿ ಕಡಲಿನ ಬಣ್ಣ ನೋಡುವ ಕ್ಯಾಮರಾ ಇದೆಯಲ್ಲ, ಅದರ ಒಂದು ಚುಕ್ಕಿಗೆ 32 ಎಕರೆ! ನಡುಗಡಲಿಗೆ ಅದು ಸಾಕು. ಬೇಕಲ ಕೋಟೆಯ ಬುಡದ ಬಂಡೆಗಳಲ್ಲಿ ಕಡಲಕಳೆ ಹುಡುಕಲು ಆಗುವುದಿಲ್ಲ. ಸೆಂಟಿನೆಲ್ ಚಿತ್ರಗಳು ಎಲ್ಲರಿಗೂ ಪುಕ್ಕಟೆ, ಅದೊಂದು ಅನುಕೂಲ.

ಚುಕ್ಕಿ ಸಣ್ಣದಾದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ನಿಜವಾದ ತಕರಾರು ನೀರಿನದು. ಹಸಿರೆಲೆ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಜೋರಾಗಿ ಹಿಂದಕ್ಕೆ ಎಸೆಯುತ್ತದೆ. ತೋಟ, ಗದ್ದೆಗಳನ್ನು ಉಪಗ್ರಹ ಗುರುತಿಸುವುದೇ ಹಾಗೆ. ಎರಡೇ ಜೀವಕೋಶದಷ್ಟು ದಪ್ಪದ ಉಲ್ವಾ ಎಂಬ ಹಸಿರು ಕಡಲಕಳೆಯೂ ಹಾಗೆ ಮಾಡುತ್ತದೆ. ಆದರೆ ಮೇಲೆ ಮೊಣಕಾಲುದ್ದ ನೀರು ನಿಂತರೆ ಆ ಬೆಳಕು ಹೆಚ್ಚುಕಮ್ಮಿ ಮಾಯ. ಕಳೆ ನೀರಿನಿಂದ ಹೊರಗೆ ಕಾಣುವುದು ಇಳಿತದಲ್ಲಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ, ಉಪಗ್ರಹ ಬರುವುದು ಮಾತ್ರ ಯಾವಾಗಲೂ ಬೆಳಗ್ಗೆಯೇ. ಎರಡೂ ಕೂಡಿ ಬಂದ ದಿನ ಮೋಡ ಇರಬಾರದು, ಅಷ್ಟೇ!

ನೀರಿನಡಿಯ ಕಳೆಗೆ ನೀಲಿ ಮತ್ತು ಹಸಿರು ಬೆಳಕೇ ಗತಿ. ಅವು ಆಳಕ್ಕೆ ಇಳಿದು ವಾಪಸು ಬರುತ್ತವೆ, ಆಳ ಹೆಚ್ಚಿದಷ್ಟೂ ಸೊರಗಿ ಬರುತ್ತವೆ. ಹಾಗಾಗಿ ಆಳದ ಬಿಳಿ ಮರಳು, ತೀರದ ಬಳಿಯ ಕಪ್ಪು ಕಳೆ ಎರಡೂ ಚಿತ್ರದಲ್ಲಿ ಒಂದೇ ಥರ ಮಬ್ಬು. ಇದಕ್ಕೆ ಡೇವಿಡ್ ಲೈಜೆಂಗಾ ಎಂಬ ವಿಜ್ಞಾನಿ 1978ರಲ್ಲಿ ಒಂದು ಉಪಾಯ ತೋರಿಸಿದರು. ಬರೀ ಮರಳಿರುವ ಕಡೆ, ಬೇರೆ ಬೇರೆ ಆಳದ ಚುಕ್ಕಿಗಳನ್ನು ಆರಿಸಿ. ಅವುಗಳ ನೀಲಿ, ಹಸಿರು ಬೆಳಕಿನ ಲಾಗರಿದಮ್ ತೆಗೆದು ಗ್ರಾಫ್ ಹಾಕಿ. ಆಳ ಎಷ್ಟೇ ಇರಲಿ, ಮರಳೆಲ್ಲ ಒಂದೇ ಗೆರೆಯ ಮೇಲೆ ಕೂರುತ್ತದೆ. ಕಳೆಯ ಚುಕ್ಕಿಗಳು ಗೆರೆ ಬಿಟ್ಟು ಪಕ್ಕಕ್ಕೆ ಬೀಳುತ್ತವೆ. ಆಳ ಅಳೆಯದೆಯೇ ಆಳದ ಕಾಟ ತಪ್ಪಿತು. ನನಗಂತೂ ಕ್ಯಾಮರಾಕ್ಕಿಂತ ಈ ಗೆರೆಯೇ ಜಾಣತನದ್ದು ಅನ್ನಿಸುತ್ತದೆ.

ಗೆರೆ ಎಳೆಯಲು ಮರಳಿಗೆ ನಮ್ಮಲ್ಲಿ ಬರವಿಲ್ಲ. ಆದರೆ ನೀರು ಎಲ್ಲ ಕಡೆ ಒಂದೇ ಥರ ತಿಳಿಯಾಗಿರಬೇಕು. ಮಳೆಗಾಲದಲ್ಲಿ ಅದು ಸುಮ್ನೆ ಆಸೆ. ಕೊಡಗಿನಿಂದ ಇಳಿಯುವ ಪಯಸ್ವಿನಿಯ ನೀರು ಚಂದ್ರಗಿರಿ ಅಳಿವೆಯಲ್ಲಿ ಕೆಂಪಾಗಿ ಕಡಲಿಗೆ ನುಗ್ಗುವಾಗ ಯಾವ ಗೆರೆಯೂ ನಿಲ್ಲದು. ಮಳೆ ನಿಂತು ಹೊಳೆ ತಣ್ಣಗಾದ ಮೇಲಿನ ಚಿತ್ರಗಳೇ ವಾಸಿ.

ಆಗಲೂ ಕಂದು ಕಳೆಗೂ ಕಪ್ಪು ಬಂಡೆಗೂ ಗೊಂದಲ ಆಗುತ್ತದೆ. ಅದಕ್ಕೇ ಯಾರಾದರೂ ಜಿಪಿಎಸ್ ಹಿಡಿದು ನೀರಿಗಿಳಿಯಬೇಕು. ಚೌಕಟ್ಟು ಇಟ್ಟು, ಅದರೊಳಗೆ ಕಳೆ ಎಷ್ಟು, ಬಂಡೆ ಎಷ್ಟು ಅಂತ ಬರೆದುಕೊಳ್ಳಬೇಕು. ಆ ಪಟ್ಟಿಯ ಒಂದು ಭಾಗವನ್ನು ನಕ್ಷೆ ಮಾಡುವವರಿಗೆ ಕೊಡದೆ ಎತ್ತಿಡುತ್ತಾರೆ. ನಕ್ಷೆ ಎಷ್ಟು ಸರಿ ಅಂತ ಕೊನೆಗೆ ಅದರಿಂದಲೇ ಪರೀಕ್ಷೆ ಮಾಡುತ್ತಾರೆ.